ನ್ಯಾನೋ ವಸ್ತುಗಳು: ತಯಾರಿಕೆ, ಬಳಕೆ ಮತ್ತು ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಬಣ್ಣ, ರಬ್ಬರ್, ಪ್ಲಾಸ್ಟಿಕ್, ಜವಳಿ, ಸೌಂದರ್ಯವರ್ಧಕ, ನೀರಿನ ಶೋಧಕ ಹೀಗೆ ಅನೇಕ ಉದ್ಯಮಗಳಲ್ಲಿ 'ನ್ಯಾನೋ' ಎಂಬ ಪದ ಇಂದು ಚಲಾವಣೆಯಲ್ಲಿದೆ. ದೊಡ್ಡ ಕಂಪನಿಗಳಿಗೆ ಸ್ವಂತ ಪ್ರಯೋಗಾಲಯಗಳಿವೆ. ಸಣ್ಣ ಉದ್ಯಮಿಯ ಸ್ಥಿತಿ ಹಾಗಲ್ಲ. ವರ್ಷಗಳಿಂದ ಕೊಳ್ಳುತ್ತಿದ್ದ ಬಿಳಿ ಪುಡಿಯಂತೆಯೇ ಕಾಣುವ ಇನ್ನೊಂದು ಪುಡಿಯನ್ನು ಸರಬರಾಜುದಾರನು ಮೂರು-ನಾಲ್ಕು ಪಟ್ಟು ಬೆಲೆಗೆ ಮುಂದಿಟ್ಟಾಗ, ಅವೆರಡರ ವ್ಯತ್ಯಾಸವನ್ನು ಕಣ್ಣಿನಿಂದಾಗಲಿ ಕೈಯಿಂದಾಗಲಿ ತಿಳಿಯಲು ಆತನಿಗೆ ಸಾಧ್ಯವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆದುದರಿಂದ ಈ ವಸ್ತುಗಳ ತಯಾರಿಕೆ, ಪ್ರಯೋಜನ ಹಾಗೂ ಪರಿಶೀಲನೆಯ ಕ್ರಮವನ್ನು ವ್ಯಾಪಾರಿಗಳೂ ತಯಾರಕರೂ ಅರಿತಿರುವುದು ಅಗತ್ಯ.

ನ್ಯಾನೋ ಎಂದರೇನು?

ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ದೊರೆಯುವ ಒಂದು ಭಾಗವೇ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳುಳ್ಳ ವಸ್ತುವನ್ನು ನ್ಯಾನೋ ವಸ್ತು ಎನ್ನುತ್ತಾರೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್.

ಗಾತ್ರ ಕಿರಿದಾದುದರ ಲಾಭವೇನು ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರವುಳ್ಳ ಘನದ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದೇ ಘನವನ್ನು ಒಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ ಆಗುತ್ತದೆ. ತೂಕ ಹೆಚ್ಚಲಿಲ್ಲ, ಮೇಲ್ಮೈ ಮಾತ್ರ ಕೋಟಿ ಪಟ್ಟು ಹೆಚ್ಚಿತು. ರಾಸಾಯನಿಕ ಕ್ರಿಯೆಗಳು ನಡೆಯುವುದು ಮೇಲ್ಮೈಯಲ್ಲಿ. ಆದ್ದರಿಂದ ಕಡಿಮೆ ವಸ್ತುವಿನಿಂದ ಹೆಚ್ಚು ಕೆಲಸ ಪಡೆಯಬಹುದೆಂಬುದೇ ನ್ಯಾನೋ ವಸ್ತುವಿನ ಆರ್ಥಿಕ ಆಧಾರ.

ಇದು ತೀರಾ ಹೊಸದೂ ಅಲ್ಲ. ಟೈರಿಗೆ ಬಲ ಕೊಡುವ ಕಾರ್ಬನ್ ಬ್ಲ್ಯಾಕ್ ಈ ಗಾತ್ರದ ಕಣಗಳಿಂದಲೇ ಕೂಡಿದ್ದು, ಸುಮಾರು ಒಂದು ಶತಮಾನದಿಂದ ಬಳಕೆಯಲ್ಲಿದೆ. ಬಣ್ಣ ಮತ್ತು ಅಂಟುಗಳಲ್ಲಿ ಬಳಸುವ ಫ್ಯೂಮ್ಡ್ ಸಿಲಿಕಾದ ತಯಾರಿಕೆಯೂ 1940ರ ದಶಕದಲ್ಲೇ ಜರ್ಮನಿಯಲ್ಲಿ ಆರಂಭವಾಯಿತು.

ತಯಾರಿಕೆಯ ಎರಡು ಮಾರ್ಗಗಳು

ಮೊದಲನೆಯದು ದೊಡ್ಡದನ್ನು ಒಡೆದು ಚಿಕ್ಕದಾಗಿಸುವ ಮಾರ್ಗ. ಬಾಲ್ ಮಿಲ್‌ಗಳಲ್ಲಿ ಗಟ್ಟಿ ಗುಂಡುಗಳ ನಡುವೆ ವಸ್ತುವನ್ನು ಗಂಟೆಗಟ್ಟಲೆ ಅರೆಯಲಾಗುತ್ತದೆ. ಯಂತ್ರ ಸರಳವಾದರೂ ವಿದ್ಯುತ್ ವೆಚ್ಚ ಹೆಚ್ಚು. ಗುಂಡುಗಳು ಸವೆದು ಕಲಬೆರಕೆಯಾಗುವುದೂ, ಕಣಗಳ ಗಾತ್ರ ಏಕರೂಪವಾಗಿರದಿರುವುದೂ ಇದರ ದೋಷಗಳು.

ಎರಡನೆಯದು ಅಣುಗಳನ್ನು ಒಂದಕ್ಕೊಂದು ಸೇರಿಸಿ ಕಣವನ್ನು ಬೆಳೆಸುವ ಮಾರ್ಗ. ಜಿಂಕ್ ಆಕ್ಸೈಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 'ಫ್ರೆಂಚ್ ವಿಧಾನ'ದಲ್ಲಿ ಸತುವನ್ನು ಕುದಿಸಿ, ಆವಿಯನ್ನು ಗಾಳಿಯೊಂದಿಗೆ ಉರಿಸಿ ಸಾಮಾನ್ಯ ಪುಡಿಯನ್ನು ಪಡೆಯುತ್ತಾರೆ. ನ್ಯಾನೋ ದರ್ಜೆಗೆ ಸಾಮಾನ್ಯವಾಗಿ ಸತುವಿನ ಲವಣದ ದ್ರಾವಣಕ್ಕೆ ಕ್ಷಾರವನ್ನು ಸೇರಿಸಿ, ತಳಕ್ಕಿಳಿದ ವಸ್ತುವನ್ನು ತೊಳೆದು, ಒಣಗಿಸಿ, ಹದವಾದ ಶಾಖದಲ್ಲಿ ಸುಡುತ್ತಾರೆ. ಶಾಖ ಮಿತಿಮೀರಿದರೆ ಕಣಗಳು ಬೆಸೆದುಕೊಂಡು ದಪ್ಪವಾಗುತ್ತವೆ. ತೊಳೆಯುವುದು ಸಾಲದಾದರೆ ಲವಣದ ಅಂಶ ಉಳಿಯುತ್ತದೆ. ಬೆಲೆ ಏರುವುದಕ್ಕೂ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಗುಣ ಬದಲಾಗುವುದಕ್ಕೂ ಈ ಹಂತಗಳೇ ಕಾರಣ.

ಫ್ಯೂಮ್ಡ್ ಸಿಲಿಕಾವನ್ನು ಸಿಲಿಕಾನ್ ಟೆಟ್ರಾಕ್ಲೋರೈಡ್ ಆವಿಯನ್ನು ಜಲಜನಕದ ಜ್ವಾಲೆಯಲ್ಲಿ ಹಾಯಿಸಿ ತಯಾರಿಸಲಾಗುತ್ತದೆ. ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು ಕಾದ ಕುಲುಮೆಯಲ್ಲಿ ಕಬ್ಬಿಣದಂತಹ ಲೋಹದ ಸೂಕ್ಷ್ಮ ಕಣಗಳ ಮೇಲೆ ಇಂಗಾಲಯುಕ್ತ ಅನಿಲದಿಂದ ಬೆಳೆಸುತ್ತಾರೆ.

ಬಳಕೆಯ ಕ್ಷೇತ್ರಗಳು

ಜಿಂಕ್ ಆಕ್ಸೈಡ್ ರಬ್ಬರಿನ ವಲ್ಕನೈಸೇಷನ್‌ಗೆ ನೆರವಾಗುತ್ತದೆ. ಬಿಸಿಲಿನಿಂದ ರಕ್ಷಿಸುವ ಲೇಪಗಳಲ್ಲಿ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಬೆಳ್ಳಿಯ ಕಣಗಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣವಿದೆ. 2009ರಲ್ಲಿ ಮಾರುಕಟ್ಟೆಗೆ ಬಂದ 'ಟಾಟಾ ಸ್ವಚ್' ನೀರಿನ ಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಯೊಂದಿಗೆ ನ್ಯಾನೋ ಬೆಳ್ಳಿಯನ್ನು ಬಳಸಲಾಯಿತು. ಲಿಥಿಯಂ ಬ್ಯಾಟರಿಗಳಲ್ಲಿ ವಿದ್ಯುತ್ ಸುಗಮವಾಗಿ ಹರಿಯಲು ನ್ಯಾನೋಟ್ಯೂಬ್‌ಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ದೂರದರ್ಶನದ ಪರದೆಗಳಲ್ಲಿ ಬಣ್ಣವನ್ನು ಶುದ್ಧಗೊಳಿಸುವ 'ಕ್ವಾಂಟಮ್ ಡಾಟ್' ಕಣಗಳ ಸಂಶೋಧನೆಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಪ್ರಮಾಣಪತ್ರವನ್ನು ಓದುವ ಬಗೆ

ಖರೀದಿದಾರನು ಮೊದಲು ಕೇಳಬೇಕಾದುದು ಆಯಾ ಬ್ಯಾಚಿನ ಪರೀಕ್ಷಾ ಪ್ರಮಾಣಪತ್ರ. ಅದರಲ್ಲಿ 'ಬಿಇಟಿ' ವಿಧಾನದಿಂದ ಅಳೆದ ಮೇಲ್ಮೈ ವಿಸ್ತೀರ್ಣವು ಗ್ರಾಮಿಗೆ ಇಷ್ಟು ಚದರ ಮೀಟರ್ ಎಂದು ನಮೂದಾಗಿರಬೇಕು. ಈ ಸಂಖ್ಯೆಯನ್ನು ವಸ್ತುವಿನ ಸಾಂದ್ರತೆಯಿಂದ ಗುಣಿಸಿ, ಬಂದ ಗುಣಲಬ್ಧದಿಂದ 6,000ವನ್ನು ಭಾಗಿಸಿದರೆ ಕಣದ ಅಂದಾಜು ಗಾತ್ರ ನ್ಯಾನೋಮೀಟರಿನಲ್ಲಿ ದೊರೆಯುತ್ತದೆ.

ಜಿಂಕ್ ಆಕ್ಸೈಡಿನ ಸಾಂದ್ರತೆ 5.6. ಪತ್ರದಲ್ಲಿ ಮೇಲ್ಮೈ ವಿಸ್ತೀರ್ಣ 40 ಎಂದಿದ್ದರೆ ಗಾತ್ರ ಸುಮಾರು 27 ನ್ಯಾನೋಮೀಟರ್. ಅದೇ 5 ಎಂದಿದ್ದರೆ ಗಾತ್ರ ಸುಮಾರು 214 ನ್ಯಾನೋಮೀಟರ್. ಚೀಲದ ಮೇಲೆ ಏನೇ ಮುದ್ರಿಸಿದ್ದರೂ ಅದು ಸಾಮಾನ್ಯ ದರ್ಜೆಯ ಪುಡಿಯೇ ಸರಿ. ಕಣಗಳಲ್ಲಿ ರಂಧ್ರಗಳಿದ್ದರೆ ಈ ಲೆಕ್ಕ ದಾರಿ ತಪ್ಪಿಸಬಹುದು. ಆದುದರಿಂದ ದೊಡ್ಡ ಮೊತ್ತದ ಖರೀದಿಗೆ ಮುನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನೂ ಪಡೆಯುವುದು ಒಳಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇಂತಹ ಪರೀಕ್ಷೆಗಳನ್ನು ಶುಲ್ಕ ಪಾವತಿಸಿ ಉದ್ಯಮಗಳೂ ಮಾಡಿಸಿಕೊಳ್ಳಬಹುದು.

ಲಾಭ-ನಷ್ಟದ ಲೆಕ್ಕ

ವಸ್ತು ಅಸಲಿಯೆಂದು ತಿಳಿದ ಮಾತ್ರಕ್ಕೆ ಲಾಭದಾಯಕವೆಂದಲ್ಲ. ರಬ್ಬರ್ ಮಿಶ್ರಣದಲ್ಲಿ 100 ಭಾಗ ರಬ್ಬರಿಗೆ ಸಾಮಾನ್ಯವಾಗಿ 3ರಿಂದ 5 ಭಾಗ ಜಿಂಕ್ ಆಕ್ಸೈಡನ್ನು ಸೇರಿಸುತ್ತಾರೆ. ಲೆಕ್ಕದ ಸೌಕರ್ಯಕ್ಕಾಗಿ ಸಾಮಾನ್ಯ ಪುಡಿಗೆ ಕೆ.ಜಿ.ಗೆ 250 ರೂ., ನ್ಯಾನೋ ಪುಡಿಗೆ 900 ರೂ. ಎಂದು ಭಾವಿಸೋಣ. 100 ಕೆ.ಜಿ. ರಬ್ಬರಿಗೆ 5 ಕೆ.ಜಿ. ಸಾಮಾನ್ಯ ಪುಡಿಯ ವೆಚ್ಚ 1,250 ರೂ. 'ಅರ್ಧದಷ್ಟು ಹಾಕಿದರೆ ಸಾಕು' ಎಂಬ ಮಾತನ್ನು ನಂಬಿ 2.5 ಕೆ.ಜಿ. ನ್ಯಾನೋ ಪುಡಿ ಬಳಸಿದರೆ ವೆಚ್ಚ 2,250 ರೂ. ಅರ್ಧಕ್ಕರ್ಧ ಉಳಿತಾಯವೆಂದು ತೋರಿದರೂ ವಾಸ್ತವವಾಗಿ 1,000 ರೂ. ಅಧಿಕ ವೆಚ್ಚವಾಯಿತು. ಬಳಕೆ ಸುಮಾರು 1.39 ಕೆ.ಜಿ.ಗಿಂತ ಕೆಳಗಿಳಿದರೆ ಮಾತ್ರ ವಸ್ತುವಿನ ವೆಚ್ಚದಲ್ಲಿ ಉಳಿತಾಯ. ಅಲ್ಲವಾದರೆ ಸಿದ್ಧವಸ್ತುವಿನ ಬಾಳಿಕೆ ಹೆಚ್ಚಿ, ಗ್ರಾಹಕನು ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕು. ಆದುದರಿಂದ ಹೋಲಿಕೆಯನ್ನು ಪುಡಿಯ ಕೆ.ಜಿ. ದರದಲ್ಲಲ್ಲ, ಸಿದ್ಧವಸ್ತುವಿನ ವೆಚ್ಚದಲ್ಲಿ ಮಾಡಬೇಕು.

ಗಮನಕ್ಕೆ ಬಾರದ ಇನ್ನೆರಡು ಬಾಬ್ತುಗಳಿವೆ. ನ್ಯಾನೋ ಕಣಗಳಿಗೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುವ ಸ್ವಭಾವವಿದೆ. ಅವುಗಳನ್ನು ಸಮನಾಗಿ ಹರಡಲು ಹೆಚ್ಚಿನ ಬೆರೆಸುವಿಕೆ, ಕೆಲವೊಮ್ಮೆ ಬೇರೆ ಯಂತ್ರವೇ ಬೇಕಾಗುತ್ತದೆ. ಗಂಟಾಗಿಯೇ ಉಳಿದ ಪುಡಿಗೆ ತೆತ್ತ ಹೆಚ್ಚಿನ ಬೆಲೆ ವ್ಯರ್ಥ. ಎರಡನೆಯದಾಗಿ, ತೇವಾಂಶದಿಂದ ಪುಡಿಯೂ, ಕಾಲ ಕಳೆದಂತೆ ದ್ರವರೂಪದ ಮಿಶ್ರಣವೂ ಗುಣ ಕಳೆದುಕೊಳ್ಳಬಹುದು. ಗುಣಗೆಟ್ಟ ದಾಸ್ತಾನನ್ನು ವರ್ಷಾಂತ್ಯದಲ್ಲಿ ಕೊಂಡ ಬೆಲೆಗೇ ತೋರಿಸಿದರೆ ಲಾಭ ಕೃತಕವಾಗಿ ಹಿಗ್ಗುತ್ತದೆ. ಅಗತ್ಯಕ್ಕೆ ತಕ್ಕಷ್ಟೇ ಕೊಳ್ಳುವುದು ಜಾಣತನ.

ಸುರಕ್ಷತೆ ಮತ್ತು ರಫ್ತು

ಕಣ ಕಿರಿದಾದಷ್ಟೂ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಒಂದು ಬಗೆಯ ಕಾರ್ಬನ್ ನ್ಯಾನೋಟ್ಯೂಬನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2014ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಪುಡಿ ಸುರಿಯುವ ಜಾಗದಲ್ಲಿ ಧೂಳು ಹೀರುವ ವ್ಯವಸ್ಥೆ ಹಾಗೂ ಕಾರ್ಮಿಕರಿಗೆ ಸೂಕ್ತ ಮುಖಕವಚ ಅಗತ್ಯ. ಮೂಗಿಗೆ ಕಟ್ಟಿದ ಕರವಸ್ತ್ರ ಸಾಲದು. ಸಾಧ್ಯವಿರುವೆಡೆ ಪುಡಿಗೆ ಬದಲಾಗಿ ಪೇಸ್ಟ್ ಅಥವಾ ಮಾಸ್ಟರ್‌ಬ್ಯಾಚ್ ರೂಪದಲ್ಲಿ ಕೊಂಡರೆ ಧೂಳಿನ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಐರೋಪ್ಯ ಒಕ್ಕೂಟಕ್ಕೆ ರಫ್ತು ಮಾಡುವವರು ಅಲ್ಲಿನ ನಿಯಮಗಳನ್ನು ಅರಿತಿರಬೇಕು. 2013ರಿಂದ ಸೌಂದರ್ಯವರ್ಧಕಗಳಲ್ಲಿನ ನ್ಯಾನೋ ಘಟಕಗಳನ್ನು ಲೇಬಲ್ಲಿನಲ್ಲಿ ಹಾಗೆಂದೇ ನಮೂದಿಸುವುದು ಕಡ್ಡಾಯ. ಸೂಕ್ಷ್ಮಜೀವಿ ನಿರೋಧಕವೆಂದು ಹೇಳಿ ಮಾರುವ, ನ್ಯಾನೋ ಬೆಳ್ಳಿಯಂತಹ ವಸ್ತುವಿನಿಂದ ಸಂಸ್ಕರಿಸಿದ ಬಟ್ಟೆಗೂ ಇಂತಹದೇ ನಿಯಮ ಅದೇ ವರ್ಷದಿಂದ ಜಾರಿಯಲ್ಲಿದೆ. 2020ರಿಂದ ರಾಸಾಯನಿಕಗಳ ನೋಂದಣಿಯಲ್ಲೂ ನ್ಯಾನೋ ರೂಪದ ಬಗ್ಗೆ ಪ್ರತ್ಯೇಕ ಮಾಹಿತಿ ಒದಗಿಸಬೇಕು. ಇಲ್ಲಿ ಮಾರಾಟಕ್ಕೆ ನೆರವಾಗುವ 'ನ್ಯಾನೋ' ಪದ, ಅಲ್ಲಿ ಕಾನೂನಿನ ಹೊಣೆಯನ್ನೂ ತರುತ್ತದೆ.

ಉಪಸಂಹಾರ

ನ್ಯಾನೋ ವಸ್ತುಗಳು ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳ ಉಪಯುಕ್ತತೆ ಹೆಸರಿನಲ್ಲಿಲ್ಲ. ಗಾತ್ರದಲ್ಲಿ, ಶುದ್ಧತೆಯಲ್ಲಿ ಮತ್ತು ಸಮನಾಗಿ ಹರಡುವಿಕೆಯಲ್ಲಿದೆ. ಸಣ್ಣ ಮಾದರಿಯನ್ನು ತರಿಸಿ, ಪರೀಕ್ಷೆ ಮಾಡಿಸಿ, ಒಂದು ಬ್ಯಾಚ್ ಪ್ರಯೋಗಾರ್ಥ ತಯಾರಿಸಿ, ಸಿದ್ಧವಸ್ತುವಿನ ವೆಚ್ಚವನ್ನು ಹೋಲಿಸಿದ ನಂತರವೇ ಖರೀದಿ ಆದೇಶಕ್ಕೆ ಸಹಿ ಹಾಕುವುದು ಕ್ಷೇಮ. ಆ ಆದೇಶದಲ್ಲಿ ಬೇಕಾದ ಮೇಲ್ಮೈ ವಿಸ್ತೀರ್ಣದ ಕನಿಷ್ಠ ಮಿತಿಯನ್ನೂ, ಅದಕ್ಕಿಂತ ಕಡಿಮೆ ಬಂದರೆ ಸರಕನ್ನು ಹಿಂತಿರುಗಿಸುವ ಹಕ್ಕನ್ನೂ ಸ್ಪಷ್ಟವಾಗಿ ಬರೆದಿಡಬೇಕು. ಕಣ್ಣಿಗೆ ಕಾಣದ ಗುಣಕ್ಕೆ ಹಣ ತೆರುವಾಗ ಬರವಣಿಗೆಯಲ್ಲಿರುವ ಷರತ್ತೇ ಖರೀದಿದಾರನಿಗೆ ರಕ್ಷೆ.