ಕಾರ್ಪೊರೇಟರ್‌ಗಳೇ ಇಲ್ಲದಾಗ ಕೊರೊನಾ ಎದುರಿಸಿದ ವಿಶಾಖಪಟ್ಟಣ, ವಿಜಯವಾಡ: ವಾರ್ಡ್ ಮಟ್ಟದ ವ್ಯವಸ್ಥೆ ಕೆಲಸ ಮಾಡಿದ್ದು ಹೇಗೆ?

2020ರ ಏಪ್ರಿಲ್‌ನಲ್ಲಿ ವಿಜಯವಾಡದ ಕೃಷ್ಣಲಂಕದಲ್ಲಿ ಲಾರಿ ಚಾಲಕರೊಬ್ಬರು ಲಾಕ್‌ಡೌನ್ ವೇಳೆ ಹೊತ್ತು ಕಳೆಯಲು ಅಕ್ಕಪಕ್ಕದವರ ಜೊತೆ ಇಸ್ಪೀಟ್ ಆಡಿದ್ದರು. ಇದರಿಂದ 24 ಮಂದಿಗೆ ಸೋಂಕು ಹರಡಿತು ಎಂದು ಜಿಲ್ಲಾಡಳಿತ ತಿಳಿಸಿತ್ತು. ಇಂಥ ಸೋಂಕಿನ ಸರಪಳಿಯನ್ನು ರಾಜ್ಯದ ಸಚಿವಾಲಯದಲ್ಲಿ ಕುಳಿತು ಪತ್ತೆ ಹಚ್ಚಲು ಸಾಧ್ಯವಿಲ್ಲ. ಬೀದಿಯ ಪರಿಚಯ ಇರುವವರೇ ಬೇಕು. ಆಂಧ್ರದ ಈ ಎರಡು ನಗರಗಳಲ್ಲಿ ಆ ಕೆಲಸ ಮಾಡಿದವರು ಯಾರು?

ಪಾಲಿಕೆ ಇತ್ತು, ಸದಸ್ಯರಿರಲಿಲ್ಲ

ಸಂವಿಧಾನದ 74ನೇ ತಿದ್ದುಪಡಿಯಂತೆ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯವು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಒಂದು. ಆದರೆ ಮಹಾ ವಿಶಾಖಪಟ್ಟಣ ಪಾಲಿಕೆಯಲ್ಲಿ 2012ರಿಂದ, ವಿಜಯವಾಡದಲ್ಲಿ 2019ರಿಂದ ಚುನಾಯಿತ ಕೌನ್ಸಿಲ್ ಇರಲಿಲ್ಲ. ಆಂಧ್ರದಲ್ಲಿ ನಡೆಯಬೇಕಿದ್ದ ಸ್ಥಳೀಯ ಚುನಾವಣೆಯನ್ನು ಕೊರೊನಾ ಕಾರಣಕ್ಕೆ 2020ರ ಮಾರ್ಚ್ 15ರಂದು ಮುಂದೂಡಲಾಯಿತು. ಹೀಗಾಗಿ ಮೊದಲ ಅಲೆಯ ಹೊಣೆ ಪೂರ್ತಿ ಜಿಲ್ಲಾಧಿಕಾರಿ ಮತ್ತು ಪಾಲಿಕೆ ಆಯುಕ್ತರ ಮೇಲೆ ಬಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೂಡ ಅಧಿಕಾರವನ್ನು ಅಧಿಕಾರಿಗಳ ಕೈಗೇ ಕೊಡುತ್ತವೆ.

ಮನೆ ಬಾಗಿಲಿಗೆ ಬಂದ ಸ್ವಯಂಸೇವಕರು

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ವಾರ್ಡ್ ಸ್ವಯಂಸೇವಕರು. ರಾಜ್ಯ ಸರ್ಕಾರ 2019ರ ಆಗಸ್ಟ್ 15ರಂದು ಸ್ವಯಂಸೇವಕರ ವ್ಯವಸ್ಥೆಯನ್ನು, ಅಕ್ಟೋಬರ್ 2ರಂದು ಗ್ರಾಮ-ವಾರ್ಡ್ ಸಚಿವಾಲಯಗಳನ್ನು ಆರಂಭಿಸಿತ್ತು. ಸುಮಾರು 50 ಮನೆಗಳಿಗೆ ಒಬ್ಬರು. ತಿಂಗಳಿಗೆ 5 ಸಾವಿರ ರೂಪಾಯಿ ಗೌರವಧನ. ಮೂಲ ಉದ್ದೇಶ ಪಿಂಚಣಿ ಸೇರಿ ಸರ್ಕಾರಿ ಸೌಲಭ್ಯಗಳನ್ನು ಮನೆಗೆ ತಲುಪಿಸುವುದಾಗಿತ್ತು. ಕೊರೊನಾ ಬಂದಾಗ ವಿದೇಶದಿಂದ ಬಂದವರ ಪಟ್ಟಿ ಮಾಡುವುದು, ಜ್ವರ-ಕೆಮ್ಮು ಇರುವವರ ಸಮೀಕ್ಷೆ ನಡೆಸುವುದು ಇವರ ಕೆಲಸವಾಯಿತು. ಇವರು ಕೊಟ್ಟ ಮಾಹಿತಿ ವಾರ್ಡ್ ಆರೋಗ್ಯ ಕಾರ್ಯದರ್ಶಿ ಮೂಲಕ ನಗರ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿತ್ತು. ಗಂಭೀರ ರೋಗಿಗಳಿಗೆ ವಿಶಾಖಪಟ್ಟಣದ ವಿಮ್ಸ್ ಮತ್ತು ವಿಜಯವಾಡದ ಸರ್ಕಾರಿ ಆಸ್ಪತ್ರೆ ಇದ್ದವು.

ಎಡವಿದ್ದೆಲ್ಲಿ?

2020ರ ಆಗಸ್ಟ್ 9ರಂದು ವಿಜಯವಾಡದಲ್ಲಿ ಕೋವಿಡ್ ಕೇಂದ್ರವಾಗಿ ಬಳಸುತ್ತಿದ್ದ ಹೋಟೆಲ್‌ಗೆ ಬೆಂಕಿ ಬಿದ್ದು 10 ಮಂದಿ ಮೃತಪಟ್ಟರು. ಹಾಸಿಗೆ ಹೆಚ್ಚಿಸುವ ಅವಸರದಲ್ಲಿ ಕಟ್ಟಡದ ಸುರಕ್ಷತೆ ಪರಿಶೀಲಿಸುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಈ ದುರಂತ ಎತ್ತಿತು. ಸ್ವಯಂಸೇವಕರು ಸರ್ಕಾರದ ಆದೇಶವನ್ನು ಮನೆಗೆ ತಲುಪಿಸಬಲ್ಲವರಾಗಿದ್ದರು. ಆದರೆ ಜನರ ದೂರನ್ನು ಪಾಲಿಕೆ ಸಭೆಯಲ್ಲಿಟ್ಟು ಉತ್ತರ ಕೇಳುವ ಅಧಿಕಾರ ಅವರಿಗಿರಲಿಲ್ಲ. ಅದು ಕಾರ್ಪೊರೇಟರ್ ಕೆಲಸ.

ಬೆಂಗಳೂರಿಗೆ ಏನು ಪಾಠ?

ವಿಶಾಖಪಟ್ಟಣದ 98 ಮತ್ತು ವಿಜಯವಾಡದ 64 ವಾರ್ಡ್‌ಗಳಿಗೆ ಕೊನೆಗೂ 2021ರ ಮಾರ್ಚ್ 10ರಂದು ಮತದಾನ ನಡೆಯಿತು. ಎರಡನೇ ಅಲೆ ಅಪ್ಪಳಿಸುವ ಹೊತ್ತಿಗೆ ಅಲ್ಲಿ ಮೇಯರ್‌ಗಳಿದ್ದರು. ಬೆಂಗಳೂರಿನಲ್ಲಿ ಆಗಿದ್ದು ತಿರುಗಾಮುರುಗಾ. 198 ವಾರ್ಡ್‌ಗಳ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಕ್ಸಿಜನ್, ಹಾಸಿಗೆಗೆ ಜನ ಪರದಾಡಿದ 2021ರ ಏಪ್ರಿಲ್-ಮೇನಲ್ಲಿ ಪಾಲಿಕೆಯಲ್ಲಿ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ.

ವಿಕೇಂದ್ರೀಕರಣ ಎಂದರೆ ಕೆಲಸವನ್ನು ವಾರ್ಡ್‌ಗೆ ಇಳಿಸುವುದಷ್ಟೇ ಅಲ್ಲ. ಹಣ, ಅಧಿಕಾರ ಮತ್ತು ಉತ್ತರದಾಯಿತ್ವವೂ ಜೊತೆಗೇ ಇಳಿಯಬೇಕು. ಮುಂದಿನ ಸಾಂಕ್ರಾಮಿಕ ಬರುವ ಮುನ್ನ ನಿಮ್ಮ ವಾರ್ಡ್‌ನಲ್ಲಿ ಪ್ರಶ್ನಿಸಬೇಕಾದವರು ಯಾರು ಎಂಬುದು ನಿಮಗೆ ಗೊತ್ತಿರಲಿ.