ದೋಷವೇ ಗುಣವಾದ ಬಗೆ: ಕ್ಷಿಪ್ರ ಅಂಟಿನ ಶೋಧ

ಬೇರೆಬೇರೆಯಾದ ಎರಡು ವಸ್ತುಗಳನ್ನು ಒಂದಾಗಿಸುವ ಕಲೆ ಮಾನವನಿಗೆ ಪುರಾತನ ಕಾಲದಿಂದಲೂ ಕರಗತವಾಗಿದೆ. ಜಾಲಿಯ ಗೋಂದು, ಹಿಟ್ಟಿನ ಸರಿ, ಬಡಗಿಗಳು ಕಾಯಿಸಿ ಬಳಸುತ್ತಿದ್ದ ಸರೇಸು ಇವೆಲ್ಲವೂ ಆ ಕಲೆಯ ಸಾಧನಗಳೇ. ಆದರೆ ಇವು ಪೂರ್ಣವಾಗಿ ಒಣಗಿ ಬಿಗಿ ಹಿಡಿಯಲು ಬಹಳ ಹೊತ್ತು ಬೇಕು. ಇಂದು ಕಿರಾಣಿ ಅಂಗಡಿಯಲ್ಲಿ ಫೆವಿಕ್ವಿಕ್ ಮೊದಲಾದ ಹೆಸರುಗಳಿಂದ ದೊರೆಯುವ ಪುಟ್ಟ ಕೊಳವೆಯೊಳಗಿನ ದ್ರವವಾದರೋ ಕೆಲವೇ ಸೆಕೆಂಡುಗಳಲ್ಲಿ ಈ ಕಾರ್ಯವನ್ನು ಸಾಧಿಸುತ್ತದೆ. ಸೈಯನೊಅಕ್ರಿಲೇಟ್ ಎಂಬುದು ಇದರ ರಾಸಾಯನಿಕ ನಾಮ. ಇದನ್ನು ಯಾರೂ ಅಂಟಾಗಿ ಹುಡುಕಿರಲಿಲ್ಲ ಎಂಬುದೇ ಇದರ ಇತಿಹಾಸದ ವೈಶಿಷ್ಟ್ಯ.

ಎರಡನೆಯ ಮಹಾಯುದ್ಧದ ಕಾಲ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯಲ್ಲಿ ಹ್ಯಾರಿ ಕೂವರ್ ಎಂಬ ಯುವ ರಸಾಯನ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ ಬಂದೂಕಿನ ಗುರಿ ಹಿಡಿಯುವ ಭಾಗಕ್ಕೆ ಯೋಗ್ಯವಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಅರಸುತ್ತಿದ್ದರು. ಆಗ ಪರೀಕ್ಷಿಸಿದ ಪದಾರ್ಥಗಳಲ್ಲಿ ಸೈಯನೊಅಕ್ರಿಲೇಟ್ ಕೂಡ ಒಂದು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಅದರ ಸ್ವಭಾವದಿಂದ ಸಂಶೋಧಕರು ಬೇಸತ್ತರು. ಅದು ನಿರುಪಯೋಗಿಯೆಂದು ಬದಿಗೆ ಸರಿಸಿದರು.

ಒಂಬತ್ತು ವರ್ಷಗಳು ಕಳೆದವು. 1951ರಲ್ಲಿ ಟೆನ್ನೆಸೀ ರಾಜ್ಯದ ಕಿಂಗ್ಸ್‌ಪೋರ್ಟಿನಲ್ಲಿ ಕೂವರ್ ಅವರ ಮೇಲ್ವಿಚಾರಣೆಯಲ್ಲಿ ಜೆಟ್ ವಿಮಾನದ ಚಾಲಕನ ಮೇಲ್ಛಾವಣಿಗಾಗಿ ಶಾಖ ತಡೆಯುವ ಪ್ಲಾಸ್ಟಿಕ್ಕಿನ ಶೋಧ ನಡೆದಿತ್ತು. ಫ್ರೆಡ್ ಜಾಯ್ನರ್ ಎಂಬ ಸಹೋದ್ಯೋಗಿ ಈ ದ್ರವದ ತೆಳುಪದರವನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಸವರಿ, ಬೆಳಕು ಬಾಗುವ ಪ್ರಮಾಣವನ್ನು ಅಳೆದರು. ಅಳತೆಯೇನೋ ದೊರೆಯಿತು, ಪಟ್ಟಕಗಳು ಮಾತ್ರ ಬೇರ್ಪಡಲಿಲ್ಲ. ಬೆಲೆಬಾಳುವ ಉಪಕರಣ ಕೆಟ್ಟಿತೆಂಬ ಚಿಂತೆ ಜಾಯ್ನರ್ ಅವರದಾದರೆ, ಕೂವರ್ ಅವರ ದೃಷ್ಟಿ ಹರಿದದ್ದು ಬೇರೆ ಕಡೆಗೆ. ಶಾಖವಿಲ್ಲದೆ, ಒತ್ತಡವಿಲ್ಲದೆ ಗಾಜಿಗೆ ಗಾಜು ಹೀಗೆ ಬೆಸೆಯುವುದಾದರೆ ಇದೇ ಒಂದು ಅಪೂರ್ವ ಅಂಟಲ್ಲವೆ? ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಅಂಟಿಸಿ ನೋಡಿದರು. 1958ರಲ್ಲಿ ‘ಈಸ್ಟ್‌ಮನ್ 910’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು.

ಇದರ ಕಾರ್ಯವಿಧಾನ ಸರಳವೂ ಕುತೂಹಲಕರವೂ ಆಗಿದೆ. ಸಾಮಾನ್ಯ ಗೋಂದು ತನ್ನೊಳಗಿನ ನೀರನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ. ಇದಾದರೋ ನೀರಿನ ಸಂಪರ್ಕದಿಂದಲೇ ಗಟ್ಟಿಯಾಗುತ್ತದೆ. ವಸ್ತುಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೇವಾಂಶ ಸದಾ ಇರುತ್ತದೆ. ಅದು ತಗುಲಿದೊಡನೆ ಬಿಡಿಬಿಡಿಯಾದ ಅಣುಗಳು ಒಂದಕ್ಕೊಂದು ಕೊಂಡಿ ಬೆಸೆದು ಉದ್ದನೆಯ ಸರಪಳಿಗಳಾಗುತ್ತವೆ. ಪದರ ತೆಳುವಾದಷ್ಟೂ ತೇವಾಂಶ ಎಲ್ಲೆಡೆ ಬೇಗನೆ ತಲಪುವುದರಿಂದ ಒಂದು ಹನಿಯ ಫಲ ಹತ್ತು ಹನಿಗಳಿಂದ ದೊರೆಯದು. ಕೊಳವೆಯಲ್ಲಿರುವಾಗ ದ್ರವ ಗಟ್ಟಿಯಾಗದಂತೆ ಅತ್ಯಲ್ಪ ಪ್ರಮಾಣದ ಆಮ್ಲೀಯ ಪದಾರ್ಥವನ್ನು ಸೇರಿಸಿರುತ್ತಾರೆ.

ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರ ರಕ್ತಸ್ರಾವವನ್ನು ತಡೆಯಲು ವೈದ್ಯರು ಇದನ್ನು ಗಾಯಗಳ ಮೇಲೆ ಸಿಂಪಡಿಸಿದರು. ಆಸ್ಪತ್ರೆಗೆ ಸಾಗಿಸುವವರೆಗೆ ಜೀವ ಉಳಿಸಿಕೊಳ್ಳಲು ಅದು ನೆರವಾಯಿತು. ಆದರೆ ಆ ಮೊದಲ ಬಗೆಯ ಅಂಟು ಜೀವಕೋಶಗಳನ್ನು ಕೆರಳಿಸುತ್ತಿತ್ತು. ದೇಹಕ್ಕೆ ಸೌಮ್ಯವಾದ ಮತ್ತೊಂದು ಬಗೆಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಮಾನ್ಯತೆ ದೊರೆತದ್ದು 1998ರಲ್ಲಿ. ಇಂದು ಚರ್ಮದ ಮೇಲಿನ ಕೆಲವು ಗಾಯಗಳನ್ನು ಹೊಲಿಗೆಯಿಲ್ಲದೆ ಮುಚ್ಚಲು ಅದು ಬಳಕೆಯಲ್ಲಿದೆ. ಅಪರಾಧ ಪತ್ತೆಯಲ್ಲೂ ಇದರ ಸೇವೆಯುಂಟು: ಇದರ ಆವಿ ಬೆರಳ ಗುರುತಿನ ಮೇಲೆ ಬಿಳಿಯ ಪದರವಾಗಿ ಕುಳಿತು, ಕಾಣದ ಗೆರೆಗಳನ್ನು ಕಾಣಿಸುತ್ತದೆ.

ಇದರ ಮಿತಿಗಳನ್ನೂ ಅರಿತಿರುವುದು ಅಗತ್ಯ. ಸೆಳೆತವನ್ನು ಚೆನ್ನಾಗಿ ತಾಳುವ ಈ ಬೆಸುಗೆ ಪೆಟ್ಟಿಗೆ ಒಡೆಯುತ್ತದೆ, ಹೆಚ್ಚಿನ ಶಾಖಕ್ಕೆ ಸಡಿಲಗೊಳ್ಳುತ್ತದೆ. ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಶಾಖ ಉಂಟಾಗಬಹುದು. ಬೆರಳುಗಳು ಅಂಟಿಕೊಂಡರೆ ಎಳೆಯದೆ, ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು. ಕಣ್ಣಿಗೆ ತಗುಲಿದರೆ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಅಂಗಡಿಯ ಅಂಟನ್ನು ಗಾಯಕ್ಕೆ ಹಚ್ಚುವುದು ಸಲ್ಲದು.

ಕೂವರ್ ಅವರಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಂದದ್ದು 2010ರಲ್ಲಿ. ಮರುವರ್ಷ ಅವರು ಕಾಲವಾದರು. 1942ರಲ್ಲಿಯೂ 1951ರಲ್ಲಿಯೂ ದ್ರವ ಅದೇ, ಅದು ತೋರಿದ ಗುಣವೂ ಅದೇ. ಮೊದಲ ಸಲ ಬೇಕಾದದ್ದು ದೊರೆಯಲಿಲ್ಲವೆಂದು ಅದನ್ನು ತೊರೆದರು. ಎರಡನೆಯ ಸಲ ದೊರೆತದ್ದೇನೆಂದು ನಿಂತು ನೋಡಿದರು. ಶಾಲೆಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಪ್ರಯೋಗ ಕೆಟ್ಟಾಗ, ಉಪಕರಣವೊಂದು ಹಾಳಾದಾಗ, ಗದರುವ ಮುನ್ನ ಅಧ್ಯಾಪಕರು ‘ಏನಾಯಿತು, ಏಕಾಯಿತು?’ ಎಂದು ಕೇಳಿದರೆ ಆ ಬಾಲಕನ ಕಾಯಕವೂ ವ್ಯರ್ಥವಾಗದು. ಜಾಯ್ನರ್ ಅವರ ಕೈಯಲ್ಲಿ ಕೆಟ್ಟ ಉಪಕರಣದ ನಷ್ಟವನ್ನಷ್ಟೇ ಲೆಕ್ಕ ಹಾಕಿದ್ದರೆ ಈ ಅಂಟು ಆ ದಿನವೂ ಮರಳಿ ಮೂಲೆ ಸೇರುತ್ತಿತ್ತು.