ಅಚ್ಚು ಅದೇ, ಬಣ್ಣ ಬೇರೆ

ಬೇಸಿಗೆ ರಜೆಗೆ ಹೊಳೆಆಲೂರಿಗೆ ಬಂದ ಮೊಮ್ಮಗ ಊಟ ಮುಗಿಸಿದವನೇ ನನ್ನ ತಗಡಿನ ಟ್ರಂಕಿನ ಮುಂದೆ ಕುಳಿತ. ಅದರಲ್ಲಿ ಅವನಪ್ಪ ಸಣ್ಣವನಿದ್ದಾಗ ಆಡಿದ ಗೊಂಬೆಗಳಿವೆ. ಸಂತೆ, ಜಾತ್ರೆ, ಹುಬ್ಬಳ್ಳಿಯ ಹಳೆ ಸಾಮಾನಿನ ಅಂಗಡಿ ಎಂದು ಅಲೆದು ನಾನು ಕೂಡಿಸಿದವೂ ಇವೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿದವನಿಗೆ ನಿವೃತ್ತಿಯಾದ ಮೇಲೆ ಎಣಿಸಲು ಏನಾದರೂ ಬೇಕಲ್ಲ!

"ಅಜ್ಜಾ, ಇಲ್ಲಿ ನೋಡು" ಎಂದು ಮೊಬೈಲ್ ಹಿಡಿದ. ನಮ್ಮ ಟ್ರಂಕಿನಲ್ಲೇ ಇರುವಂಥ ಜಿ.ಐ. ಜೋ ಸಿಪಾಯಿ. ಅಂಗಿಯ ಬಣ್ಣ ಮಾತ್ರ ಬೇರೆ. ಬೆಲೆ 2,500 ರೂಪಾಯಿ.

"ಈ ಬಣ್ಣದ್ದು ಭಾಳ ಕಮ್ಮಿ ಅದಾವಂತ. ನಾ ಕೂಡಿಸಿಟ್ಟ ರೊಕ್ಕದಾಗ ತಗೊಳ್ಳಲೇನು?"

ಪಂಚಮಿಗೆ, ಹುಟ್ಟುಹಬ್ಬಕ್ಕೆ ನಾವು ಕೊಟ್ಟದ್ದನ್ನೆಲ್ಲ ಎರಡು ವರ್ಷದಿಂದ ಡಬ್ಬಿಯಲ್ಲಿ ಹಾಕಿಟ್ಟ ಹುಡುಗ. ಬೇಡ ಎನ್ನಲು ಮನಸ್ಸಾಗಲಿಲ್ಲ, ಹೂಂ ಎನ್ನಲು ಬಾಯಿ ಬರಲಿಲ್ಲ.

ಮಕ್ಕಳೇ, ಈ ಸಿಪಾಯಿಗಳ ಕಥೆ ಸ್ವಲ್ಪ ಕೇಳಿ. ಜಿ.ಐ. ಜೋ 1964ರಲ್ಲಿ ಅಮೆರಿಕದಲ್ಲಿ ಹುಟ್ಟಿದಾಗ ಒಂದು ಅಡಿ ಎತ್ತರವಿದ್ದ. 1982ರಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವನಾಗಿ ಮತ್ತೆ ಬಂದ. ನಮ್ಮ ದೇಶದಲ್ಲಿ ಅವನನ್ನು ತಯಾರಿಸಿದ್ದು 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿ. ಕಾರ್ಖಾನೆ ನಮ್ಮ ಪಕ್ಕದ ಗೋವಾದಲ್ಲಿ. ಅಚ್ಚುಗಳು ಅಮೆರಿಕದವು, ಬಣ್ಣ ಮಾತ್ರ ಎಷ್ಟೋ ಸಲ ಅಲ್ಲಿಗಿಂತ ಬೇರೆ. ನಮ್ಮ ಮಕ್ಕಳು ಮಣ್ಣಲ್ಲಿ ಹೂತು ಆಡಿದ ಆ ವಿಚಿತ್ರ ಬಣ್ಣದ ಸಿಪಾಯಿಗಳನ್ನೇ ಈಗ ಹೊರದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ!

ಕಂಪನಿಗಳು ಬಣ್ಣ ಬದಲಿಸುವುದೇಕೆ? ಉಕ್ಕಿನ ಅಚ್ಚು ಮಾಡಿಸಲು ಬಹಳ ಖರ್ಚು, ಬಣ್ಣಕ್ಕೆ ಅಷ್ಟಿಲ್ಲ. ಇದ್ದ ಅಚ್ಚಿನಲ್ಲೇ ಬೇರೆ ಬಣ್ಣ ಸುರಿದರೆ ಹೊಸ ಗೊಂಬೆ ಸಿದ್ಧ. ದೂರದರ್ಶನದಲ್ಲಿ ಬರುತ್ತಿದ್ದ ಹೀ-ಮ್ಯಾನ್ ಅಜ್ಜ-ಅಜ್ಜಿಯರಿಗೂ ನೆನಪಿರಬಹುದು. 1983ರಲ್ಲಿ ಅವನದೇ ಮೈಗೆ ನೀಲಿ ಬಣ್ಣ ಕೊಟ್ಟು, ಶತ್ರು ಸ್ಕೆಲೆಟರ್‌ನ ಕವಚವನ್ನು ಕಿತ್ತಳೆ ಬಣ್ಣದಲ್ಲಿ ತೊಡಿಸಿ, 'ಫೇಕರ್' ಎಂದು ಮಾರಿದರು. ಹೆಸರೇ 'ನಕಲಿ'! 1985ರಲ್ಲಿ ಬಂದ 'ಸ್ಟಿಂಕರ್' ಇನ್ನೂ ಮಜಾ. ತಲೆ ಮೆರ್-ಮ್ಯಾನ್ ಎಂಬ ಹಳೆಯ ಗೊಂಬೆಯದು, ಬಣ್ಣ ಕಪ್ಪು-ಬಿಳಿ, ಪ್ಲಾಸ್ಟಿಕ್ಕಿನಲ್ಲೇ ಪಚೌಲಿ ಎಣ್ಣೆಯ ವಾಸನೆ ಬೆರೆಸಿದ್ದರು. ಇವನಿಗೆ ಬೆಲೆ ಬಂದರೆ ನನ್ನ ತಕರಾರಿಲ್ಲ. ಹಳೆಯ ಅಚ್ಚಿನಿಂದಲೇ ಒಬ್ಬ ಹೊಸ ಕಿಡಿಗೇಡಿಯನ್ನು ಹುಟ್ಟಿಸಿದ್ದಾರೆ. ಬರೀ ಅಂಗಿ ಬದಲಿಸಿದವನಿಗೆ ಹತ್ತು ಪಟ್ಟು ಕೊಡುವುದು ಮಾತ್ರ ನನಗೆ ಒಗ್ಗದು.

ಕೌಂಟರಿನಲ್ಲಿ ಕುಳಿತಾಗ 786 ಇರುವ ನೋಟು ಕೊಡಿ ಎಂದು ಕೇಳುವವರಿದ್ದರು. ಹುಡುಕಿ ಕೊಡುತ್ತಿದ್ದೆ, ಅವರ ಸಂತೋಷ ಅವರಿಗೆ. ಆದರೆ ಅದೇ ನೋಟನ್ನು ಮರುದಿನ ಜಮಾ ಮಾಡಲು ತಂದರೆ ಹತ್ತರ ನೋಟಿಗೆ ಹತ್ತೇ ರೂಪಾಯಿ ಬರೆಯುತ್ತಿದ್ದೆ.

ಹಳೆ ಗೊಂಬೆ ಕೊಳ್ಳುವ ಮಕ್ಕಳಿಗೆ ಎರಡು ಗುಟ್ಟು ಹೇಳುತ್ತೇನೆ. ಮೈಮೇಲೆ ಒತ್ತಿದ ಇಸವಿ ನೋಡಿ ಮರುಳಾಗಬೇಡಿ, ಸಾಮಾನ್ಯವಾಗಿ ಅದು ಅಚ್ಚಿನ ಇಸವಿ, ಗೊಂಬೆ ತಯಾರಾದದ್ದು ಎಷ್ಟೋ ವರ್ಷ ಆಮೇಲಿರಬಹುದು. ಮತ್ತೆ, ಮೊಣಕಾಲು, ಮೊಣಕೈ ಮಡಿಸಿ ಸಂದಿಯೊಳಗೆ ನೋಡಿ. ಹೊರಗೊಂದು ಬಣ್ಣ, ಒಳಗೊಂದು ಬಣ್ಣ ಕಂಡರೆ ಯಾರೋ ಮನೆಯಲ್ಲಿ ಕುಂಚ ಆಡಿಸಿರಬಹುದು ಎಂದು ಅನುಮಾನಪಡಿ.

ಕುಂಚ ಆಡಿಸುವ ಮಾತು ಬಂತು, ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಟ್ರಂಕಿನ ತಳದಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಕಾಮಧೇನು ಇದೆ. ನಮ್ಮವ್ವ ತವರಿನಿಂದ ತಂದದ್ದು, ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡಿದ್ದು. ಆ ಊರಿನ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು, ಮರದ ಹೊಟ್ಟು, ಸೆಣಬಿನ ಪುಡಿ ಸೇರಿಸಿದ 'ಕಿಟ್ಟ'ದಿಂದ ಜೋಡಿಸುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಟ್ರಂಕಿಗೂ ನೀರು ಹೊಕ್ಕಿತು. ಪ್ಲಾಸ್ಟಿಕ್ ಸಿಪಾಯಿಗಳು ಸೋಪಿನ ನೀರಿನಲ್ಲಿ ಮಿಂದು ಎದ್ದು ನಿಂತರು. ಕಾಮಧೇನುವಿನ ಲೇಪ ಮಾತ್ರ ಉಬ್ಬಿ ಅಲ್ಲಲ್ಲಿ ಬಣ್ಣ ಕಳಚಿತು. ಅವ್ವನ ಗೊಂಬೆ ಹೀಗಾಯಿತಲ್ಲ ಎಂಬ ಸಂಕಟದಲ್ಲಿ, ಬಾಗಿಲಿಗೆ ಹಚ್ಚಿ ಉಳಿದ ಆಯಿಲ್ ಪೇಂಟನ್ನು ಮೈತುಂಬ ಬಳಿದುಬಿಟ್ಟೆ. ಕಣ್ಣನ್ನೂ ನಾನೇ ಬರೆದೆ. ಅವ್ವನ ಕಾಮಧೇನು ಅವತ್ತಿನಿಂದ ಮೆಳ್ಳೆಗಣ್ಣಿನಲ್ಲಿ ನೋಡುತ್ತಾಳೆ.

ಆಮೇಲೆ ಒಮ್ಮೆ ಕಿನ್ನಾಳಕ್ಕೆ ಒಯ್ದೆ. ಅಲ್ಲಿಯ ಹಿರಿಯರೊಬ್ಬರು ಉಗುರಿನಿಂದ ಕೆರೆದು ನೋಡಿ, "ಮರ ಗಟ್ಟಿ ಐತ್ರಿ. ಇದನ್ನ ತೆಗೆದು ಹೊಸ ಬಣ್ಣ ಕೊಡತೀನಿ. ಆದ್ರ ಕಣ್ಣು ನನ್ನ ಕೈಯಾಗಿನವು ಆಗ್ತಾವ, ಹಿಂದಿನವರವು ಅಲ್ಲ" ಎಂದರು. ವಿಚಾರ ಮಾಡಿ ಬರುತ್ತೇನೆಂದು ಹೇಳಿ ಹಾಗೇ ವಾಪಸು ತಂದೆ.

ಇದನ್ನೆಲ್ಲ ಕೇಳಿದ ಮೊಮ್ಮಗ, "ಹಂಗಾದ್ರ ಹೊಸ ಬಣ್ಣ ಹಚ್ಚೋದ ತಪ್ಪೇನು?" ಎಂದ. ತಪ್ಪೆಂದು ಹೇಗೆ ಹೇಳಲಿ? ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಜಾತ್ರೆಗೆ ಮುಂಚೆ ಕಟ್ಟಿಗೆಯ ದ್ಯಾಮವ್ವನನ್ನು ಬಣ್ಣಕ್ಕೆ ಕೊಡುತ್ತಾರೆ. ಬಣ್ಣವಾಗಿ ಬಂದವಳನ್ನು ಊರಿಗೆ ಊರೇ ಎದುರುಗೊಳ್ಳುತ್ತದೆ. ಬಲ್ಲವರ ಕೈಯ ಬಣ್ಣ ಅದು. ನನ್ನದು ಬಾಗಿಲಿನ ಬಣ್ಣ.

ಹುಡುಗ ಮಾರುವವರಿಗೆ ಬರೆದು ಸಿಪಾಯಿಯ ಮೊಣಕಾಲು ಮಡಿಸಿದ ಫೋಟೊ ಕೇಳಿದ. ಎರಡು ದಿನ ಕಾದ, ಉತ್ತರ ಬರಲಿಲ್ಲ. ಮೂರನೇ ದಿನ ಅವನಪ್ಪನ ಹಳೆ ಸಿಪಾಯಿಯನ್ನು ಹೊರತೆಗೆದ. ಸೊಂಟದೊಳಗಿನ ರಬ್ಬರ್ ರಿಂಗ್ ಹರಿದು ಎರಡು ತುಂಡಾಗಿ ಬಿದ್ದಿದ್ದವನು. ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಅಳತೆ ನೋಡಿ ಒಂದು ರಿಂಗ್ ತಂದೆವು. ಹತ್ತು ರೂಪಾಯಿ. ಅಂಗಿಯ ಬಣ್ಣ ಅರ್ಧ ಸವೆದಿದ್ದರೂ ಸಿಪಾಯಿ ಈಗ ಕಿಟಕಿಯಲ್ಲಿ ನಿಂತಿದ್ದಾನೆ.

ಊರಿಗೆ ಹೊರಡುವ ದಿನ ಮೊಮ್ಮಗ ತನ್ನ ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟ.

"ದಸರಾ ಸೂಟಿಗೆ ಬರ್ತೀನಿ ಅಜ್ಜಾ. ಕಾಮಧೇನು ತಗೊಂಡು ಕಿನ್ನಾಳಕ್ಕ ಹೋಗೂಣು. ಬಣ್ಣದ ರೊಕ್ಕ ನಂದು."